ತಿಗಣೆ ಕಾಟ: ಮನೆಯಿಂದ ಓಡಿಸೋದು ಹೇಗೆ, ಪ್ರಯಾಣದಿಂದ ಹೊತ್ತು ತರದೇ ಇರೋದು ಹೇಗೆ

ಮೊದಲು ನಾನು ಮಾಡಿದ ತಪ್ಪನ್ನೇ ಹೇಳಿಬಿಡುತ್ತೇನೆ. ಒಂದು ಪ್ರಯಾಣ ಮುಗಿಸಿ ಬಂದ ರಾತ್ರಿ ವಿಪರೀತ ಸುಸ್ತಾಗಿತ್ತು. ಸೂಟ್‌ಕೇಸನ್ನು ಸೀದಾ ಹಾಸಿಗೆ ಮೇಲಿಟ್ಟೆ. ಜಿಪ್ ತೆಗೆದು, ರಾತ್ರಿ ಉಡುಪಿಗಾಗಿ ಎಲ್ಲ ಕೆದಕಿ, ಹಾಗೇ ಪಕ್ಕಕ್ಕೆ ಸರಿಸಿ ಮಲಗಿದೆ. ಮೂರು ವಾರ ಕಳೆದ ಮೇಲೆ ಮುಂಗೈ ಮೇಲೆ ಸಾಲಾಗಿ ನಾಲ್ಕು ಕೆಂಪು ಗುಳ್ಳೆ ಎದ್ದವು. ಸೊಳ್ಳೆ ಅಂದುಕೊಂಡೆ. ಕಿಟಕಿ ಮುಚ್ಚಿಕೊಂಡು ಇನ್ನೊಂದು ವಾರ ಕಳೆದೆ. ದಿಂಬಿನ ಕವರ್ ಮೇಲೆ ರಕ್ತದ ಚುಕ್ಕೆ ಕಂಡ ದಿನವೇ ಅನುಮಾನ ಬಂದಿದ್ದು.

ಆಮೇಲೆ ಮಾಡಿದ್ದು ಇನ್ನೂ ದೊಡ್ಡ ತಪ್ಪು. ಕೈಗೆ ಸಿಕ್ಕ ಸ್ಪ್ರೇಯನ್ನು ಹಾಸಿಗೆ ಪೂರ್ತಿ ಹೊಡೆದು, ನಾನು ಹೋಗಿ ಸೋಫಾದಲ್ಲಿ ಮಲಗೋಕೆ ಶುರು ಮಾಡಿದೆ. ಕೆಲವೇ ದಿನಗಳಲ್ಲಿ ಸೋಫಾದಲ್ಲೂ ತಿಗಣೆ!

ಹಾಗಾಗಿ ಈಗ ಯಾರು ಕೇಳಿದರೂ ನಾನು ಹೇಳೋದು ಒಂದೇ. ತಿಗಣೆ ವಿಷಯದಲ್ಲಿ ಸ್ಪ್ರೇ ಡಬ್ಬಿಗಿಂತ ಟಾರ್ಚು ದೊಡ್ಡ ಆಯುಧ. ಎಲ್ಲಿದೆ ಅಂತ ಗೊತ್ತಾದರೆ ಕೊಲ್ಲೋದು ಕಷ್ಟವಲ್ಲ. ಗೊತ್ತಿಲ್ಲದೆ ಏನು ಹೊಡೆದರೂ ಅದು ಜಾಗ ಬದಲಿಸುತ್ತದೆ, ಅಷ್ಟೇ.

ಅದು ತಿಗಣೆನೇ ಹೌದಾ?

ಗುಳ್ಳೆ ನೋಡಿ ತೀರ್ಮಾನ ಮಾಡಬೇಡಿ. ಸೊಳ್ಳೆ, ಚಿಗಟ, ಅಲರ್ಜಿ ಎಲ್ಲದರ ಗುಳ್ಳೆಯೂ ಹೆಚ್ಚುಕಡಿಮೆ ಒಂದೇ ತರಹ ಕಾಣುತ್ತದೆ. ತಿಗಣೆ ಕಚ್ಚಿದ್ದು ಸಾಲಾಗಿ ಅಥವಾ ಗುಂಪಾಗಿ ಇರುತ್ತದೆ ಅನ್ನೋದು ನಿಜ, ಆದರೆ ಯಾವಾಗಲೂ ಅಲ್ಲ. ಕೆಲವರಿಗೆ ಕಚ್ಚಿದ ಗುರುತೇ ಬರುವುದಿಲ್ಲ. ಒಂದೇ ಹಾಸಿಗೆಯಲ್ಲಿ ಮಲಗಿದ ಇಬ್ಬರಲ್ಲಿ ಒಬ್ಬರು ಮೈಯೆಲ್ಲಾ ಕೆರೆದುಕೊಳ್ಳುತ್ತಿದ್ದರೆ ಇನ್ನೊಬ್ಬರು "ನಂಗೇನೂ ಆಗಿಲ್ವಲ್ಲ" ಅನ್ನಬಹುದು. ಗುಳ್ಳೆ ಏಳೋದು ಎರಡು ವಾರದವರೆಗೆ ತಡವಾಗುವುದೂ ಉಂಟು. ಹಾಗಾಗಿ ಎಲ್ಲಿಂದ ಬಂತು ಅಂತ ನೆನಪು ಮಾಡಿಕೊಳ್ಳುವಾಗ ನಿನ್ನೆ ಮೊನ್ನೆಯನ್ನಷ್ಟೇ ಯೋಚಿಸಿದರೆ ಸಾಲದು.

ಬೆಳೆದ ತಿಗಣೆ ಸುಮಾರು 5 ಮಿಲಿಮೀಟರ್ ಉದ್ದ. ಸೇಬಿನ ಬೀಜದಷ್ಟು ದೊಡ್ಡದು, ಅದೇ ತರಹ ಕಂದು ಬಣ್ಣ, ಚಪ್ಪಟೆ. ರಕ್ತ ಕುಡಿದ ಮೇಲೆ ಉಬ್ಬಿ, ಉದ್ದವಾಗಿ, ಕೆಂಪಗೆ ಕಾಣುತ್ತದೆ. ರೆಕ್ಕೆ ಇಲ್ಲ, ಹಾರುವುದೂ ಇಲ್ಲ, ಜಿಗಿಯುವುದೂ ಇಲ್ಲ. ಹಾರಿದ್ದು ಕಂಡರೆ ಅದು ಬೇರೆ ಹುಳು. ಮರಿಗಳು ತಿಳಿ ಹುಲ್ಲಿನ ಬಣ್ಣದಲ್ಲಿ, ಪಾರದರ್ಶಕವಾಗಿ ಇರುತ್ತವೆ. ಬಿಳಿ ಬಟ್ಟೆ ಮೇಲೆ ಕಣ್ಣಿಗೆ ಬೀಳುವುದೇ ಕಷ್ಟ. ಮೊಟ್ಟೆ 1 ಮಿಲಿಮೀಟರ್, ಮುತ್ತಿನ ಬಿಳುಪು, ಅಂಟು ಹಚ್ಚಿದ ಹಾಗೆ ಕೂತಿರುತ್ತದೆ.

ನಂಬಬಹುದಾದ ಗುರುತು ಅಂದರೆ ಕಪ್ಪು ಚುಕ್ಕೆ. ಅದು ತಿಗಣೆಯ ಹಿಕ್ಕೆ, ಅಂದರೆ ಜೀರ್ಣವಾದ ರಕ್ತ. ಬಟ್ಟೆ ಮೇಲೆ ಸ್ಕೆಚ್ ಪೆನ್ನಿನ ತುದಿ ತಾಗಿಸಿದ ಹಾಗೆ, ಅಂಚಿನಲ್ಲಿ ಸ್ವಲ್ಪ ಹರಡಿಕೊಂಡು ಕಾಣುತ್ತದೆ. ಅನುಮಾನ ಇದ್ದರೆ ಒದ್ದೆ ಹತ್ತಿಯಿಂದ ಒರೆಸಿ. ಬರೀ ಧೂಳಾದರೆ ಬೂದು ಬಣ್ಣ ಬರುತ್ತದೆ. ತಿಗಣೆಯದ್ದಾದರೆ ತುಕ್ಕಿನ ಕೆಂಪು-ಕಂದು ಹತ್ತಿಗೆ ಹತ್ತುತ್ತದೆ. ಇದರ ಜೊತೆ ಒಣ ಪೊರೆಗಳೂ ಸಿಗುತ್ತವೆ. ತಿಗಣೆ ಬೆಳೆಯುವಾಗ ಐದು ಸಲ ಪೊರೆ ಬಿಡುತ್ತದೆ. ಆ ಪೊರೆ ಈರುಳ್ಳಿ ಸಿಪ್ಪೆಯಷ್ಟು ತೆಳು, ಒಳಗೆ ಹುಳು ಇಲ್ಲದ ಬರೀ ಕವಚ. ಜಾಸ್ತಿ ಇದ್ದ ಕಡೆ ಒಂದು ತರಹದ ಸಿಹಿ ಮುಗ್ಗಲು ವಾಸನೆಯೂ ಬರುತ್ತದೆ, ಆದರೆ ಮೂಗಿಗೆ ಬಡಿಯುವಷ್ಟು ಆಗಿದೆ ಅಂದರೆ ಕೆಲಸ ತುಂಬಾ ಇದೆ ಅಂತಲೇ ಅರ್ಥ.

ಅಂದಹಾಗೆ, ಮನೆ ಗಲೀಜಾಗಿದ್ದರೆ ಮಾತ್ರ ತಿಗಣೆ ಬರುತ್ತದೆ ಅನ್ನೋದು ಸುಳ್ಳು. ಅದಕ್ಕೆ ಬೇಕಾಗಿರೋದು ನಮ್ಮ ರಕ್ತ. ನಮ್ಮ ಉಸಿರಿನ ಇಂಗಾಲದ ಡೈಆಕ್ಸೈಡ್, ಮೈ ಬಿಸಿ, ಮೈ ವಾಸನೆ ಹಿಡಿದು ಬರುತ್ತದೆ. ಫಳಫಳ ಹೊಳೆಯುವ ಕೋಣೆಯಲ್ಲೂ ಅದು ಆರಾಮಾಗಿ ಇರುತ್ತದೆ. ಸಾಮಾನು ತುಂಬಿದ ಮನೆಯಲ್ಲಿ ಅಡಗೋಕೆ ಜಾಗ ಜಾಸ್ತಿ ಸಿಗುತ್ತದೆ, ವ್ಯತ್ಯಾಸ ಅಷ್ಟೇ. ಆದ್ದರಿಂದ ನಾಚಿಕೆ ಪಟ್ಟುಕೊಂಡು ಮುಚ್ಚಿಡಬೇಡಿ. ಮುಚ್ಚಿಟ್ಟಷ್ಟು ದಿನ ಅದು ಹೆಚ್ಚುತ್ತದೆ.

ಇನ್ನೊಂದು ಸಮಾಧಾನದ ಮಾತು. ತಿಗಣೆ ಕಚ್ಚುವುದರಿಂದ ಮನುಷ್ಯರಿಗೆ ಕಾಯಿಲೆ ಹರಡಿದ್ದು ಕಂಡುಬಂದಿಲ್ಲ. ತುರಿಕೆ, ನಿದ್ದೆಗೆಡೋದು, ಕೆರೆದು ಗಾಯವಾಗಿ ಕೀವಾಗೋದು, ಕಾಟ ಇಷ್ಟು. ತಣ್ಣೀರ ಬಟ್ಟೆ ಇಡಿ, ಕ್ಯಾಲಮೈನ್ ಲೋಷನ್ ಹಚ್ಚಿ. ಊತ ಜಾಸ್ತಿಯಾದರೆ ಅಥವಾ ಉಸಿರಾಟಕ್ಕೆ ತೊಂದರೆಯಾದರೆ ವೈದ್ಯರ ಹತ್ತಿರ ಹೋಗಿ.

ಶತ್ರುವಿನ ಲೆಕ್ಕಾಚಾರ

ಇದೊಂದು ಗೊತ್ತಿದ್ದರೆ ಮುಂದಿನ ಎಲ್ಲ ಹಂತಗಳೂ ಯಾಕೆ ಅಂತ ತಾನಾಗಿಯೇ ಅರ್ಥವಾಗುತ್ತದೆ. ಹೆಣ್ಣು ತಿಗಣೆ ದಿನಕ್ಕೆ 1ರಿಂದ 5 ಮೊಟ್ಟೆ ಇಡುತ್ತದೆ. ಬೆಚ್ಚಗಿನ ಕೋಣೆಯಲ್ಲಿ 6ರಿಂದ 10 ದಿನಕ್ಕೆ ಮರಿ ಹೊರಗೆ ಬರುತ್ತದೆ. ಪ್ರತಿ ಸಲ ಪೊರೆ ಬಿಡೋಕೆ ಮುಂಚೆ ಒಂದು ಊಟ ಬೇಕು. ಊಟ ಸರಿಯಾಗಿ ಸಿಕ್ಕರೆ ಸುಮಾರು ಐದಾರು ವಾರದಲ್ಲಿ ಅದೂ ಮೊಟ್ಟೆ ಇಡೋಕೆ ತಯಾರು. ಸಿಗದಿದ್ದರೆ ತಿಂಗಳುಗಟ್ಟಲೆ ಉಪವಾಸ ಕೂರುತ್ತದೆ. ಚಳಿ ಇರುವ ಕಡೆ ಒಂದು ವರ್ಷದವರೆಗೂ ಬದುಕಬಹುದು. "ಒಂದು ತಿಂಗಳು ಮನೆಗೆ ಬೀಗ ಹಾಕಿದರೆ ಸಾಯುತ್ತೆ" ಅನ್ನುವವರ ಮಾತು ಕೇಳಬೇಡಿ.

ಮುಖ್ಯವಾದದ್ದು ಮೊಟ್ಟೆ. ಹೆಚ್ಚಿನ ಔಷಧಿಗಳು ಓಡಾಡುವ ತಿಗಣೆಯನ್ನು ಕೊಲ್ಲುತ್ತವೆ, ಮೊಟ್ಟೆಯನ್ನು ಬಿಡುತ್ತವೆ. ಮೊದಲ ಸುತ್ತಿನ ನಂತರ ಒಂದು ವಾರ ನೆಮ್ಮದಿ, ಆಮೇಲೆ ಮತ್ತೆ ಕಡಿತ ಶುರು ಆಗೋದು ಇದೇ ಕಾರಣಕ್ಕೆ. ಎರಡನೇ ಸುತ್ತು ಮಾಡಲೇಬೇಕು.

ಹುಡುಕುವ ಕೆಲಸ

ಬೇಕಾಗಿರೋದು ಒಂದು ಒಳ್ಳೆ ಟಾರ್ಚು, ಹಳೆಯ ಪ್ಲಾಸ್ಟಿಕ್ ಕಾರ್ಡು, ಅಗಲವಾದ ಪಾರದರ್ಶಕ ಅಂಟುಪಟ್ಟಿ, ಒಂದು ಸ್ಕ್ರೂಡ್ರೈವರ್. ಹಗಲಲ್ಲೇ ಮಾಡಿ, ಆದರೆ ಟಾರ್ಚನ್ನು ಬಿಡಬೇಡಿ. ಬೆಳಕನ್ನು ನೇರವಾಗಿ ಬಿಡದೆ ಓರೆಯಾಗಿ ಹಿಡಿಯಿರಿ. ಪೊರೆ, ಮೊಟ್ಟೆ ಎರಡೂ ಆಗ ಹೊಳೆಯುತ್ತವೆ.

ತಿಗಣೆ ಊಟದ ಹತ್ತಿರವೇ ಮನೆ ಮಾಡುತ್ತದೆ. ಹಾಗಾಗಿ ಮಲಗುವ ಜಾಗದಿಂದ ಶುರು ಮಾಡಿ, ನಿಧಾನವಾಗಿ ಹೊರಗೆ ಹೋಗಿ. ಮೊದಲ ಎರಡು ಮೀಟರ್ ಒಳಗೇ ಹೆಚ್ಚಿನವು ಸಿಗುತ್ತವೆ.

ಹಾಸಿಗೆಯ ಅಂಚಿನಲ್ಲಿ ಹಗ್ಗದ ಹಾಗೆ ಸುತ್ತ ಹೊಲಿದಿರುತ್ತಾರಲ್ಲ, ಆ ಪೈಪಿಂಗ್‌ನ ಕೆಳಗೆ ಕಾರ್ಡಿನ ಮೂಲೆ ತೂರಿಸಿ, ಪುಸ್ತಕದ ಹಾಳೆ ಬಿಡಿಸಿದ ಹಾಗೆ ಮಡಚುತ್ತಾ ಹೋಗಿ. ತಲೆಭಾಗದ ಎರಡು ಮೂಲೆಗಳನ್ನು ಮೊದಲು ನೋಡಿ. ಹೊಲಿದಿರುವ ಲೇಬಲ್ ಎತ್ತಿ. ಹಾಸಿಗೆಗೆ ಹಿಡಿಕೆ ಇದ್ದರೆ ಅದರ ಹಿಂದೆ ನೋಡಿ. ಆಮೇಲೆ ಮಗುಚಿ ಹಾಕಿ.

ನನಗೆ ಆಶ್ಚರ್ಯ ಆಗಿದ್ದು ಮಂಚ. ಹಾಸಿಗೆಯಲ್ಲಿ ನಾಲ್ಕೈದು ಕಂಡಿದ್ದವು. ಮಂಚದ ತಲೆಭಾಗದ ಹಲಗೆಯನ್ನು ಬಿಚ್ಚಿದಾಗ ಸ್ಕ್ರೂ ತೂತಿನ ಸುತ್ತ ಕಪ್ಪು ಮಸಿ ಬಳಿದ ಹಾಗಿತ್ತು. ಸೂಜಿ ಹಾಕಿ ಕೆದಕಿದರೆ ಒಂದರ ಹಿಂದೆ ಒಂದು ಏಳು ಬಂದವು. ಪೆನ್ಸಿಲ್ಲು ಕೂಡ ಸರಿಯಾಗಿ ಹೋಗದ ತೂತು ಅದು! ಕ್ರೆಡಿಟ್ ಕಾರ್ಡಿನ ಅಂಚು ತೂರುವ ಸಂದು ಇದ್ದರೆ ಸಾಕು, ತಿಗಣೆ ತೂರುತ್ತದೆ. ಆದ್ದರಿಂದ ಮಂಚವನ್ನು ಬಿಚ್ಚದೆ ಹುಡುಕಿದ್ದು ಹುಡುಕಿದ ಲೆಕ್ಕಕ್ಕೆ ಬರಲ್ಲ.

ಮಂಚ ಮುಗಿದ ಮೇಲೆ ಪಕ್ಕದ ಮೇಜಿನ ಡ್ರಾಯರ್ ಹೊರಗೆ ಎಳೆದು ತಳ ನೋಡಿ. ಪರದೆಯ ಮಡಿಕೆ, ಗೋಡೆಯ ಫೋಟೋ ಮತ್ತು ಗಡಿಯಾರದ ಹಿಂಭಾಗ, ಎದ್ದು ಬಂದ ವಾಲ್‌ಪೇಪರ್, ಪುಸ್ತಕದ ಬೆನ್ನು, ಕುರ್ಚಿ ಸೋಫಾಗಳ ಹೊಲಿಗೆ, ಸ್ವಿಚ್ ಬೋರ್ಡಿನ ಅಂಚು. ಸ್ವಿಚ್ ಬೋರ್ಡ್ ಬಿಚ್ಚುವ ಮುಂಚೆ ಮೇನ್ ಆಫ್ ಮಾಡಿ, ಗೊತ್ತಿಲ್ಲದಿದ್ದರೆ ಎಲೆಕ್ಟ್ರೀಷಿಯನ್‌ಗೆ ಬಿಡಿ. ಸಿಕ್ಕಿದ ಒಂದು ಹುಳುವನ್ನು ಅಂಟುಪಟ್ಟಿಗೆ ಹಚ್ಚಿ ಇಟ್ಟುಕೊಳ್ಳಿ. ತೋರಿಸೋಕೆ ಬೇಕಾಗುತ್ತದೆ.

ಓಡಿಸುವ ಹಂತಗಳು

1. ಕೋಣೆ ಬದಲಿಸಬೇಡಿ. ಅಲ್ಲೇ ಮಲಗಿ. ಕೇಳೋಕೆ ಕ್ರೂರ ಅನ್ನಿಸುತ್ತದೆ, ನಂಗೂ ಅನ್ನಿಸಿತ್ತು. ಆದರೆ ನೀವು ಹೋದ ಕಡೆ ಅದೂ ಬರುತ್ತದೆ, ನಿಮ್ಮ ಹೊದಿಕೆ ದಿಂಬಿನಲ್ಲೇ ಕೂತು ಬರುತ್ತದೆ. ಒಂದು ಕೋಣೆಯ ಸಮಸ್ಯೆಯನ್ನು ಒಂದೇ ಕೋಣೆಯಲ್ಲಿ ಕಟ್ಟಿ ಹಾಕಿ. ಆ ಕೋಣೆಯ ಸಾಮಾನನ್ನೂ ಬಿಡಿಬಿಡಿಯಾಗಿ ಹೊರಗೆ ಒಯ್ಯಬೇಡಿ.

2. ಬಟ್ಟೆಗೆ ಬಿಸಿ ಕೊಡಿ. ಹಾಸು, ಹೊದಿಕೆ, ದಿಂಬಿನ ಕವರ್, ಪರದೆ, ಉಟ್ಟ ಬಟ್ಟೆ ಎಲ್ಲವನ್ನೂ ಕೋಣೆಯಲ್ಲೇ ಚೀಲಕ್ಕೆ ತುಂಬಿ ಬಾಯಿ ಕಟ್ಟಿ, ಆಮೇಲೆ ವಾಷಿಂಗ್ ಮಷಿನ್ ಹತ್ತಿರ ಒಯ್ಯಿರಿ. 60 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ತೊಳೆಯಿರಿ. ಡ್ರೈಯರ್ ಇದ್ದರೆ ಹೆಚ್ಚು ಬಿಸಿಯಲ್ಲಿ ಕನಿಷ್ಠ 30 ನಿಮಿಷ ತಿರುಗಿಸಿ. ನಿಜ ಹೇಳಬೇಕೆಂದರೆ ಡ್ರೈಯರ್‌ನ ಬಿಸಿಯೇ ಹೆಚ್ಚು ಕೆಲಸ ಮಾಡೋದು. ತಣ್ಣೀರಲ್ಲಿ ಒಗೆದರೆ ತಿಗಣೆಗೆ ಸ್ನಾನ ಮಾಡಿಸಿದ ಹಾಗೆ. ತೊಳೆದದ್ದನ್ನು ಹೊಸ ಚೀಲದಲ್ಲಿ ಹಾಕಿ ಕಟ್ಟಿಡಿ, ಹಳೆ ಚೀಲ ಬಿಸಾಕಿ.

3. ತೊಳೆಯೋಕೆ ಆಗದ್ದಕ್ಕೆ ಫ್ರೀಜರ್. ಗೊಂಬೆ, ಚಪ್ಪಲಿ, ಪುಸ್ತಕ ಇಂಥವನ್ನು ಜಿಪ್ ಚೀಲದಲ್ಲಿ ಹಾಕಿ, ಮೈನಸ್ 18 ಡಿಗ್ರಿಯಲ್ಲಿ ನಾಲ್ಕು ದಿನ ಇಡಿ. ಅಷ್ಟು ತಣ್ಣಗಾಗದ ಫ್ರೀಜರ್ ಆದರೆ ಇನ್ನೂ ಜಾಸ್ತಿ ದಿನ ಬೇಕು. ಗಂಟೆ ಎರಡು ಗಂಟೆ ಇಟ್ಟು ತೆಗೆದರೆ ಅದು ಮತ್ತೆ ಎದ್ದು ಓಡಾಡುತ್ತದೆ.

4. ವ್ಯಾಕ್ಯೂಮ್ ಮಾಡಿ. ಸಂದಿಗೆ ಹೋಗುವ ಚಪ್ಪಟೆ ಮೂತಿ ಹಾಕಿ, ಒತ್ತಿ ಉಜ್ಜುತ್ತಾ ಎಳೆಯಿರಿ. ಮೊಟ್ಟೆ ಅಂಟಿಕೊಂಡಿರುತ್ತದೆ, ಸುಮ್ನೆ ಮೇಲೆ ಮೇಲೆ ಎಳೆದರೆ ಬರಲ್ಲ. ಮುಗಿದ ತಕ್ಷಣ ಒಳಗಿನ ಕಸವನ್ನು ಚೀಲಕ್ಕೆ ಹಾಕಿ, ಬಾಯಿ ಕಟ್ಟಿ, ಮನೆ ಹೊರಗಿನ ಡಬ್ಬಿಗೆ ಹಾಕಿ. ಮೂತಿಯನ್ನು ಬಿಸಿ ನೀರಲ್ಲಿ ತೊಳೆಯಿರಿ.

5. ಹಬೆ. ನನ್ನ ಲೆಕ್ಕದಲ್ಲಿ ಮನೆಯಲ್ಲಿ ಮಾಡಬಹುದಾದ ಅತ್ಯುತ್ತಮ ಕೆಲಸ ಇದೇ. ಬೆಳೆದ ತಿಗಣೆ ಸುಮಾರು 48 ಡಿಗ್ರಿಯಲ್ಲಿ 20 ನಿಮಿಷಕ್ಕೆ ಸಾಯುತ್ತದೆ. ಅದೇ ಬಿಸಿಯಲ್ಲಿ ಮೊಟ್ಟೆಗೆ ಒಂದೂವರೆ ಗಂಟೆ ಬೇಕು. ಹಬೆ ಇದಕ್ಕಿಂತ ತುಂಬಾ ಬಿಸಿ, ತಾಗಿದ ಕೂಡಲೇ ಮೊಟ್ಟೆಯನ್ನೂ ಬೇಯಿಸುತ್ತದೆ. ಗುಟ್ಟು ಇರೋದು ವೇಗದಲ್ಲಿ. ಒಂದು ಅಡಿ ಹೊಲಿಗೆ ದಾಟೋಕೆ ಅರ್ಧ ನಿಮಿಷ ತೆಗೆದುಕೊಳ್ಳಿ. ಮೂತಿಗೆ ಅಗಲವಾದ ತಲೆ ಹಾಕಿ, ಬಟ್ಟೆ ಸುತ್ತಿ. ರಭಸವಾಗಿ ಊದುವ ಸಣ್ಣ ಮೂತಿಯಾದರೆ ಹುಳು ಸಾಯುವ ಬದಲು ಹಾರಿ ಬೇರೆ ಕಡೆ ಬೀಳುತ್ತದೆ. ಹೇರ್ ಡ್ರೈಯರ್ ಬೇಡ ಅನ್ನೋದೂ ಇದಕ್ಕೇ. ಹಬೆ ಯಂತ್ರ ಇಲ್ಲದಿದ್ದರೆ, ಬಿಚ್ಚಿದ ಕಬ್ಬಿಣದ ಮಂಚದ ತುಂಡುಗಳ ಸಂದಿಗೆ ಕುದಿಯುವ ನೀರು ಸುರಿಯಬಹುದು. ಕೈ ಕಾಲು ಜೋಪಾನ. ವಿದ್ಯುತ್ ಇರುವ ಯಾವುದರ ಹತ್ತಿರವೂ ಎರಡೂ ಬೇಡ.

6. ಹಾಸಿಗೆಗೆ ಪೂರ್ತಿ ಮುಚ್ಚುವ ಜಿಪ್ ಕವರ್ ಹಾಕಿ. ತಿಗಣೆಗೆಂದೇ ಮಾಡಿದ, ಜಿಪ್ಪಿನ ಕೊನೆಯಲ್ಲಿ ಸಂದು ಬಿಡದ ಕವರ್ ಆಗಿರಬೇಕು. ಒಳಗೆ ಉಳಿದವು ಹೊರಗೆ ಬರಲಾರದೆ ಸಾಯಲಿ ಅಂತ. ಅವುಗಳ ಉಪವಾಸದ ಶಕ್ತಿ ನೋಡಿದಿರಲ್ಲ, ಅದಕ್ಕೇ ಕವರನ್ನು ಒಂದು ವರ್ಷ ತೆಗೆಯಬೇಡಿ. ಹಾಸಿಗೆಯನ್ನು ಬಿಸಾಕುವ ಖರ್ಚು ಇದರಿಂದ ಉಳಿಯುತ್ತದೆ.

7. ಮಂಚವನ್ನು ದ್ವೀಪ ಮಾಡಿ. ಗೋಡೆಯಿಂದ ಒಂದು ಗೇಣು ಸರಿಸಿ. ಹೊದಿಕೆ ನೆಲಕ್ಕೆ ತಾಗದಿರಲಿ. ಮಂಚದ ಕೆಳಗೆ ಏನೂ ಇಡಬೇಡಿ. ಪ್ರತಿ ಕಾಲಿಗೂ ಒಂದು ಬಟ್ಟಲು ಬಲೆ ಇಡಿ. ಇದು ಒಂದರೊಳಗೆ ಒಂದು ಕೂತ ಎರಡು ಬಟ್ಟಲಿನ ಹಾಗಿರುತ್ತದೆ. ಹೊರಗಿನ ಗೋಡೆ ಒರಟು, ಹತ್ತಬಹುದು. ಒಳಗಿನದು ನುಣುಪು, ಬಿದ್ದದ್ದು ಮೇಲೆ ಬರೋಕೆ ಆಗಲ್ಲ. ನೆಲದಿಂದ ಬಂದದ್ದು ಹೊರ ಸುತ್ತಿನಲ್ಲಿ, ಮಂಚದಿಂದ ಇಳಿದದ್ದು ಒಳ ಸುತ್ತಿನಲ್ಲಿ ಸಿಗುತ್ತದೆ. ಎಲ್ಲಿಂದ ಬರುತ್ತಿದೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಸಾಕ್ಷಿ ಇಲ್ಲ.

8. ಹತ್ತರಿಂದ ಹದಿನಾಲ್ಕು ದಿನಕ್ಕೆ ಹುಡುಕಾಟ, ವ್ಯಾಕ್ಯೂಮ್, ಹಬೆ ಮತ್ತೆ ಪೂರ್ತಿ ಮಾಡಿ. ಉಳಿದ ಮೊಟ್ಟೆ ಒಡೆದು ಮರಿ ಬಂದಿರುತ್ತದೆ, ಅದು ದೊಡ್ಡದಾಗಿ ಮೊಟ್ಟೆ ಇಡುವ ಮುಂಚೆ ಹಿಡಿಯಬೇಕು. ಬೇಕಾದರೆ ಮೂರನೇ ಸುತ್ತೂ ಮಾಡಿ.

ಸಂದುಗಳಿಗೆ ಡಯಾಟಮೇಶಿಯಸ್ ಅರ್ಥ್ ಅಥವಾ ಸಿಲಿಕಾ ಪುಡಿ ಹಾಕಬಹುದು. ಅದು ಹುಳುವಿನ ಮೈಮೇಲಿನ ಮೇಣದ ಪದರ ಕೆಡಿಸಿ ಒಣಗಿಸಿ ಕೊಲ್ಲುತ್ತದೆ. ಕೀಟಕ್ಕೆಂದೇ ಅನುಮತಿ ಇರುವ ಪುಡಿಯನ್ನೇ ತನ್ನಿ, ಕಂಡೂ ಕಾಣದಷ್ಟು ತೆಳ್ಳಗೆ ಹಾಕಿ. ಗುಡ್ಡೆ ಹಾಕಿದರೆ ತಿಗಣೆ ಸುತ್ತಿಕೊಂಡು ಹೋಗುತ್ತದೆ, ನಿಮ್ಮ ಶ್ವಾಸಕೋಶಕ್ಕೂ ಕೆಡುಕು.

ದಯವಿಟ್ಟು ಇವನ್ನು ಮಾಡಬೇಡಿ

ಧಾನ್ಯ ಕೆಡದಿರಲಿ ಅಂತ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯನ್ನು ಮಲಗುವ ಕೋಣೆಯಲ್ಲಿ ಇಡುವವರಿದ್ದಾರೆ. ಅದರಿಂದ ಬರುವ ಫಾಸ್ಫೀನ್ ಅನಿಲ ಮನುಷ್ಯರನ್ನು ಕೊಲ್ಲುತ್ತದೆ. ಪಕ್ಕದ ಮನೆಯಲ್ಲಿ ಮಲಗಿದ್ದವರೂ ಸತ್ತಿದ್ದಾರೆ. ಅದಕ್ಕೆ ಔಷಧಿಯೂ ಇಲ್ಲ. ಯಾರೇ ಹೇಳಲಿ, ಮನೆಯೊಳಗೆ ತರಬೇಡಿ.

ಸೀಮೆಎಣ್ಣೆ, ಪೆಟ್ರೋಲ್, ಸ್ಪಿರಿಟ್ ಬೇಡ. ಸ್ಪಿರಿಟ್ ಸಿಂಪಡಿಸಿ ಮನೆ ಸುಟ್ಟುಕೊಂಡವರಿದ್ದಾರೆ. ಕೋಣೆ ತುಂಬಾ ಹೊಗೆ ಬಿಡುವ ಫಾಗರ್ ಡಬ್ಬಿ ದಂಡ. ಹೊಗೆ ತೆರೆದ ಜಾಗದಲ್ಲಿ ಬೀಳುತ್ತದೆ, ತಿಗಣೆ ಸಂದಿಯೊಳಗಿರುತ್ತದೆ. ಬೋರಿಕ್ ಪುಡಿ ಜಿರಲೆಗೆ ಸರಿ, ಅದು ತಿಂದು ಸಾಯುತ್ತದೆ. ರಕ್ತ ಬಿಟ್ಟು ಬೇರೇನೂ ತಿನ್ನದ ತಿಗಣೆಗೆ ಅದರಿಂದ ಏನಾಗಬೇಕು?

ಬಿಸಿಲಿಗೆ ಹಾಸಿಗೆ ಹಾಕೋದು? ಹಾಕಿ, ತಪ್ಪಿಲ್ಲ. ಆದರೆ ಅದೊಂದನ್ನೇ ನಂಬಬೇಡಿ. ಮೇಲ್ಭಾಗ ಕಾದರೂ ಒಳಗೆ ಅಷ್ಟು ಬಿಸಿ ಹೋಗುವುದಿಲ್ಲ, ಹುಳು ತಂಪಿರುವ ಕಡೆ ಸರಿಯುತ್ತದೆ.

ಹಳೆಯ ಸ್ಪ್ರೇಗಳು ಕೆಲಸ ಮಾಡದಿರೋದಕ್ಕೆ ಕಾರಣ ಇದೆ. ಎರಡನೇ ಮಹಾಯುದ್ಧದ ಹೊತ್ತಿಗೆ ಡಿಡಿಟಿ ಬಂದಾಗ ತಿಗಣೆಯ ಕಥೆ ಮುಗಿಯಿತು ಅಂದುಕೊಂಡಿದ್ದರು. 1947ರ ಹೊತ್ತಿಗೇ ಹವಾಯಿಯಲ್ಲಿ ಡಿಡಿಟಿಗೆ ಬಗ್ಗದ ತಿಗಣೆ ಕಂಡಿತ್ತು. ಈಗ ಮನೆಬಳಕೆಯ ಸ್ಪ್ರೇಗಳಲ್ಲಿ ಹೆಚ್ಚಾಗಿ ಇರುವ ಪೈರೆಥ್ರಾಯ್ಡ್‌ಗಳಿಗೂ ಅದೇ ಗತಿ.

ಕೀಟ ನಿಯಂತ್ರಣದವರನ್ನು ಕರೆಸುವುದಾದರೆ

ಎರಡು ಸುತ್ತಿನ ನಂತರವೂ ಸಿಗುತ್ತಿದ್ದರೆ, ಅಥವಾ ಎರಡಕ್ಕಿಂತ ಹೆಚ್ಚು ಕೋಣೆಗೆ ಹರಡಿದ್ದರೆ ಕರೆಸಿ. ಫೋನಿನಲ್ಲೇ ಕೇಳಿ: ಮೊದಲು ಬಂದು ಪರೀಕ್ಷೆ ಮಾಡುತ್ತೀರಾ? ಎಷ್ಟು ಸಲ ಬರುತ್ತೀರಿ? ಯಾವ ಔಷಧಿ, ಅದಕ್ಕೆ ಅನುಮತಿ ಇದೆಯಾ? ಮಕ್ಕಳು, ಸಾಕುಪ್ರಾಣಿ ಎಷ್ಟು ಹೊತ್ತು ಹೊರಗಿರಬೇಕು? "ಒಂದೇ ಸಲ ಹೊಡೆದರೆ ಸಾಕು, ಗ್ಯಾರಂಟಿ" ಅಂದವರಿಗೆ ನಮಸ್ಕಾರ ಹೇಳಿ ಫೋನ್ ಇಡಿ. ಇಡೀ ಕೋಣೆಯನ್ನು ಕಾಯಿಸುವ ವಿಧಾನ ಮಾತ್ರ ಇದಕ್ಕೆ ಹೊರತು, ಸರಿಯಾಗಿ ಮಾಡಿದರೆ ಒಂದೇ ದಿನದಲ್ಲಿ ಮೊಟ್ಟೆಯೂ ಸಾಯುತ್ತದೆ.

ಅಪಾರ್ಟ್‌ಮೆಂಟಾದರೆ ಅಕ್ಕಪಕ್ಕ, ಮೇಲೆ ಕೆಳಗೆ ಇರುವವರಿಗೆ ಹೇಳಿಬಿಡಿ. ಪೈಪು, ವೈರಿನ ತೂತುಗಳಿಂದ ತಿಗಣೆ ಓಡಾಡುತ್ತದೆ. ಹೇಳೋಕೆ ಮುಜುಗರ ಆಗುತ್ತದೆ, ಗೊತ್ತು. ಹೇಳದಿದ್ದರೆ ಮನೆಯಿಂದ ಮನೆಗೆ ಅದನ್ನು ಅಟ್ಟುತ್ತಲೇ ಇರಬೇಕಾಗುತ್ತದೆ.

ಪ್ರಯಾಣದಲ್ಲಿ

ಹೋಟೆಲ್ ಕೋಣೆಗೆ ಹೋದ ಕೂಡಲೇ ಸಾಮಾನನ್ನು ಬಾತ್‌ರೂಮಿನಲ್ಲಿ ಇಡಿ. ಟೈಲ್ಸ್ ಮೇಲೆ ಅಡಗೋಕೆ ಜಾಗ ಕಡಿಮೆ. ಆಮೇಲೆ ಐದು ನಿಮಿಷ ಖರ್ಚು ಮಾಡಿ. ತಲೆಭಾಗದ ಮೂಲೆಯಲ್ಲಿ ಹಾಸು ಎಳೆದು ಹೊಲಿಗೆ ನೋಡಿ, ಮೊಬೈಲ್ ಟಾರ್ಚಿನಲ್ಲಿ ತಲೆಹಲಗೆಯ ಹಿಂದೆ ಇಣುಕಿ, ಸಾಮಾನು ಇಡುವ ಸ್ಟ್ಯಾಂಡಿನ ಪಟ್ಟಿಗಳ ಸಂದು ನೋಡಿ. ಏನಾದರೂ ಕಂಡರೆ ಫೋಟೋ ತೆಗೆದು, ಕೋಣೆ ಬದಲಿಸೋಕೆ ಹೇಳಿ. ಪಕ್ಕದ, ಮೇಲಿನ, ಕೆಳಗಿನ ಕೋಣೆ ಬೇಡ ಅಂತಲೂ ಹೇಳಿ. ಹೋಟೆಲ್ ಎಷ್ಟು ದುಬಾರಿ ಅನ್ನೋದು ಇಲ್ಲಿ ಲೆಕ್ಕಕ್ಕಿಲ್ಲ.

ಬ್ಯಾಗನ್ನು ಹಾಸಿಗೆ ಮೇಲಾಗಲೀ ಸೋಫಾ ಮೇಲಾಗಲೀ ಇಡಬೇಡಿ, ಜಿಪ್ ಯಾವಾಗಲೂ ಮುಚ್ಚಿರಲಿ. ಬಳಸಿದ ಬಟ್ಟೆಗೆ ಬಾಯಿ ಬಿಗಿಯುವ ಪ್ಲಾಸ್ಟಿಕ್ ಚೀಲ ಒಯ್ಯಿರಿ. ಇದು ನನ್ನ ಅತಿ ಎಚ್ಚರಿಕೆ ಅಂದುಕೊಳ್ಳಬೇಡಿ. ಶೆಫೀಲ್ಡ್ ವಿಶ್ವವಿದ್ಯಾಲಯದವರು 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಗೆದ ಬಟ್ಟೆ ಇದ್ದ ಚೀಲಕ್ಕಿಂತ ಉಟ್ಟ ಬಟ್ಟೆ ಇದ್ದ ಚೀಲದಲ್ಲಿ ತಿಗಣೆ ಸೇರುವ ಸಾಧ್ಯತೆ ಎರಡು ಪಟ್ಟು ಇತ್ತು. ಮನುಷ್ಯ ಇಲ್ಲದಾಗ ಮನುಷ್ಯನ ವಾಸನೆ ಹಿಡಿದು ಹೋಗುತ್ತವೆ. ನೆಲದ ಮೇಲೆ ರಾಶಿ ಬಿದ್ದ ನಿಮ್ಮ ಅಂಗಿಯೇ ಅವಕ್ಕೆ ಟಿಕೆಟ್.

ರಾತ್ರಿ ಬಸ್ಸು, ರೈಲಿನ ಸೀಟಿನ ಹೊಲಿಗೆಯ ಮೇಲೂ ಒಮ್ಮೆ ಟಾರ್ಚ್ ಆಡಿಸಿ. ಸ್ವಂತ ಹೊದಿಕೆ ಇದ್ದರೆ ಒಳ್ಳೆಯದು, ಇಳಿದ ಮೇಲೆ ಅದನ್ನೂ ಚೀಲಕ್ಕೆ ಹಾಕಿ.

ಮನೆಗೆ ಬಂದ ಮೇಲೆ ಸೂಟ್‌ಕೇಸನ್ನು ಮಲಗುವ ಕೋಣೆಗೆ ತರಬೇಡಿ. ಬಾತ್‌ರೂಮಿನಲ್ಲೋ ಬಾಲ್ಕನಿಯಲ್ಲೋ ಬಿಚ್ಚಿ. ಉಟ್ಟದ್ದು, ಉಡದೇ ಇದ್ದದ್ದು ಎಲ್ಲವೂ ಬಿಸಿ ನೀರಿಗೆ ಹೋಗಲಿ. ಖಾಲಿ ಪೆಟ್ಟಿಗೆಯ ಹೊಲಿಗೆ, ಚಕ್ರದ ಸಂದು, ಒಳಗಿನ ಅಸ್ತರಿನ ಜಿಪ್ ವ್ಯಾಕ್ಯೂಮ್ ಮಾಡಿ, ಹಬೆ ಹಿಡಿಯಿರಿ. ಸೆಕೆಂಡ್ ಹ್ಯಾಂಡ್ ಮಂಚ, ಸೋಫಾ ತರುವಾಗಲೂ ಇದೇ ಶಿಸ್ತು. ರಸ್ತೆ ಬದಿ ಬಿಸಾಕಿದ ಹಾಸಿಗೆ ಎಷ್ಟೇ ಚೆನ್ನಾಗಿ ಕಂಡರೂ ಮುಟ್ಟಬೇಡಿ.

ಮುಗಿಯಿತು ಅಂತ ಯಾವಾಗ ಅಂದುಕೊಳ್ಳೋದು?

ಕಡಿತ ನಿಂತ ದಿನ ಅಲ್ಲ. ಬಟ್ಟಲು ಬಲೆಯಲ್ಲಿ ಸತತ ಎಂಟು ವಾರ ಏನೂ ಬೀಳದೆ, ಹಾಸಿನ ಮೇಲೆ ಹೊಸ ಕಪ್ಪು ಚುಕ್ಕೆ ಕಾಣದೆ ಇದ್ದರೆ ಆಗ ಉಸಿರು ಬಿಡಿ. ಅಲ್ಲಿಯವರೆಗೆ ವಾರಕ್ಕೊಮ್ಮೆ ಬಟ್ಟಲು ನೋಡಿ, ಧೂಳು ಒರೆಸಿ. ಧೂಳು ಕೂತರೆ ನುಣುಪು ಹೋಗಿ ಹುಳು ಹತ್ತಿಬಿಡುತ್ತದೆ. ಬಿಳಿ ಹಾಸು ಬಳಸಿ, ಚುಕ್ಕೆ ಬೇಗ ಕಾಣುತ್ತದೆ. ದಿನಾಂಕ ಬರೆದಿಡಿ. ನಾನು ಹಳೆ ಕ್ಯಾಲೆಂಡರಿನಲ್ಲಿ ಸಿಕ್ಕಿದ್ದಕ್ಕೆ ಕಪ್ಪು ಗೀಟು, ಏನೂ ಸಿಗದ ವಾರಕ್ಕೆ ಸೊನ್ನೆ ಹಾಕುತ್ತಿದ್ದೆ. ನಾಲ್ಕು ಸೊನ್ನೆ ಬಂದ ಮೇಲೆ ಐದನೇ ವಾರ ಹೊರ ಸುತ್ತಿನಲ್ಲಿ ಒಂದು ಬಿದ್ದಿತ್ತು. ಹೊರ ಸುತ್ತು ಅಂದರೆ ನೆಲದ ಕಡೆಯಿಂದ ಬಂದದ್ದು. ಮತ್ತೆ ಟಾರ್ಚ್ ಹಿಡಿದು ಗೋಡೆಗುಂಟ ಹೋದೆ. ಗೋಡೆ ಗಡಿಯಾರದ ಹಿಂದೆ, ಬ್ಯಾಟರಿ ಮುಚ್ಚಳದ ಒಳಗೆ ಎರಡು ಹುಳು, ಆರು ಖಾಲಿ ಮೊಟ್ಟೆ ಸಿಪ್ಪೆ.

ಆಮೇಲಿನ ಕ್ಯಾಲೆಂಡರ್ ಪುಟಗಳಲ್ಲಿ ಬರೀ ಸೊನ್ನೆ.